ಒಂದು ಗೆರೆಗಾಗಿ ಹನ್ನೊಂದು ವರ್ಷ

ಬೆಳಗಿನ ಐದೂಕಾಲು. ಬಾಂಗ್ ಫೇ ಕಾಲುವೆಯ ನೀರಿಗೆ ಇನ್ನೂ ಬಣ್ಣ ಬಂದಿಲ್ಲ. ಕಪ್ಪು ನೆರಳುಬಲೆಯ ಕೆಳಗೆ, ಹಲಗೆ ಹಾಸಿದ ಕಾಲುದಾರಿಯ ಮೇಲೆ ಚಲುವಾಯ್ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಬಲಕ್ಕೆ, ಎರಡಾಗಿ ಮುರಿದ ಕ್ಷೌರದ ಬ್ಲೇಡುಗಳ ಪೊಟ್ಟಣ. ಎಡಕ್ಕೆ, ಮಂದಹಾಲಿನ ಖಾಲಿ ಡಬ್ಬಿ. ಪೊಟ್ಟಣದಿಂದ ಒಂದು ಅಲಗು ತೆಗೆದು, ಒಂದು ಆರ್ಕಿಡ್ ಗಿಡದ ಎಲೆಯಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ, ಅಲಗನ್ನು ಡಬ್ಬಿಗೆ ಬಿಡುತ್ತಾರೆ. ಟಣ್ ಎನ್ನುತ್ತದೆ. ಆ ಅಲಗು ಇನ್ನೊಂದು ಗಿಡದ ಮುಖ ನೋಡುವುದಿಲ್ಲ.

ಎಲೆಯ ಚೂರು ದ್ರವ ತುಂಬಿದ ಪುಟ್ಟ ಚೀಲದೊಳಗೆ ಹೋಗುತ್ತದೆ. ಚೀಲವನ್ನು ಮೊಣಕಾಲ ಮೇಲಿಟ್ಟುಕೊಂಡು ಪೆನ್ನಿನ ಹಿಂಬದಿಯಿಂದ ಉಜ್ಜಿ ಉಜ್ಜಿ ಅರೆಯುತ್ತಾರೆ. ರಸ ಹಸಿರಾದ ಮೇಲೆ ಕಾಗದದ ಪಟ್ಟಿಯೊಂದನ್ನು ಅದ್ದಿ ನಿಲ್ಲಿಸುತ್ತಾರೆ. ಪಟ್ಟಿಯ ಮೇಲೆ ಒಂದೇ ಗೆರೆ ಮೂಡಿದರೆ ಗಿಡ ಸ್ವಚ್ಛ. ಎರಡು ಮೂಡಿದರೆ ಒಳಗೆ ವೈರಸ್ ಕೂತಿದೆ ಎಂದು ಅರ್ಥ. ಅದು ತಿಳಿಯಲು ಹತ್ತು ನಿಮಿಷ ಬೇಕು.

ಆ ಹತ್ತು ನಿಮಿಷ ಚಲುವಾಯ್ ಪಟ್ಟಿಯತ್ತ ನೋಡುವುದಿಲ್ಲ. ಮುಖವನ್ನು ಕಾಲುವೆಯ ಕಡೆ ತಿರುಗಿಸಿ ಕೂರುತ್ತಾರೆ. ಯಾರಾದರೂ ಮಾತಾಡಿಸಿದರೆ ಕೈಯೆತ್ತಿ ತಡೆಯುತ್ತಾರೆ. ಅರವತ್ತೊಂದರ ಈ ಹೆಂಗಸು ಹಿಂದೊಮ್ಮೆ ಇಡೀ ಗಿಡಸಂತೆಯಲ್ಲೇ ದೊಡ್ಡ ಬಾಯಿಯವರಾಗಿದ್ದರು ಎಂದರೆ ಈ ಹೊತ್ತಿನಲ್ಲಿ ನೋಡಿದವರು ನಂಬಲಾರರು.

"ನೋಡ್ತಾ ಕೂತ್ರೆ ಇಲ್ಲದ ಗೆರೆನೂ ಕಾಣುತ್ತೆ," ಎನ್ನುತ್ತಾರೆ, ಆಮೇಲೆ, ಪಟ್ಟಿಯನ್ನು ಬೆಳಕಿಗೆ ಹಿಡಿದು. "ಒಂದ್ಸಲ ಹಂಗೆ ಹೆದರಿ ಒಳ್ಳೆ ಗಿಡಾನ ಸುಟ್ಟಿದೀನಿ. ಅದಕ್ಕೆ ಈಗ ಬೆನ್ನು ತಿರುಗಿಸಿ ಕೂತ್ಕೊಳೋದು. ಅದು ಹೇಳೋದನ್ನ ಅದು ಹೇಳ್ಲಿ."

ಒಂದೇ ಗೆರೆ. ಮೊದಲ ಗಿಡ ಪಾಸು.

ಅವರ ಮುಂದೆ ಇಂಥ ನಲವತ್ತಾರು ಕುಂಡಗಳಿವೆ. ಎಲ್ಲವೂ 'ಯಾಮ್ ಯೆನ್' ತಳಿಯವು. ಸಂಜೆಹೊತ್ತು ಎಂದು ಆ ಹೆಸರಿನ ಅರ್ಥ. ಲೆಂಗ್ ನರ್ಸರಿಯ ಹಿರಿಯರಾಗಿದ್ದ ಲೆಂಗ್ ಅಜ್ಜ ಮೂವತ್ತೊಂದು ವರ್ಷದ ಹಿಂದೆ ಹುಟ್ಟಿಸಿದ ಹೂವು ಇದು. ಹನ್ನೊಂದು ವರ್ಷಗಳಿಂದ ಇದು ಎಲ್ಲಿಯೂ ಮಾರಾಟಕ್ಕಿಲ್ಲ. ನಾಳೆ ಬುಧವಾರ, ನದಿಯಾಚೆ ಗಿಡಸಂತೆ. ಇವತ್ತು ನಲವತ್ತಾರು ಪಟ್ಟಿಗಳ ಮೇಲೂ ಒಂದೊಂದೇ ಗೆರೆ ಬಂದರೆ ಯಾಮ್ ಯೆನ್ ಮತ್ತೆ ಸಂತೆಗೆ ಹೋಗುತ್ತದೆ. ಒಂದರ ಮೇಲೆ ಎರಡು ಗೆರೆ ಬಂದರೂ ಯಾವುದೂ ಹೋಗುವುದಿಲ್ಲ. ಈ ಕಟ್ಟಳೆಯನ್ನು ಹಾಕಿದವರು ನರ್ಸರಿಯ ಯಜಮಾನರಲ್ಲ, ಚಲುವಾಯ್.

"ಇನ್ನೊಂದ್ಸಲ ಮೊದಲಿಂದ ಶುರು ಮಾಡೋ ಶಕ್ತಿ ನನ್ನ ಮಂಡೀಲಿಲ್ಲ," ಎಂದು ನಗುತ್ತಾರೆ. ನಗು ಬಾಯಿಂದಾಚೆ ಹೋಗುವುದಿಲ್ಲ.

* * *

ಸುಫಾನ್ ಬುರಿಯ ಭತ್ತದ ಬಯಲಿನಿಂದ ಇಲ್ಲಿಗೆ ಬಂದಾಗ ಚಲುವಾಯ್‌ಗೆ ಹತ್ತೊಂಬತ್ತು. ದೋಣಿಯಲ್ಲಿ ಕೂತು, ಸಾಲುಗಳ ನಡುವಿನ ಕಾಲುವೆಯಲ್ಲಿ ತೇಲುತ್ತಾ ಹೂದಂಟು ಕೊಯ್ಯುವ ಕೆಲಸ. ಮೂರು ವರ್ಷ ಕಳೆಯುವುದರೊಳಗೆ ಲೆಂಗ್ ಅಜ್ಜನಿಗೆ ಒಂದು ವಿಷಯ ಗೊತ್ತಾಯಿತು: ಈ ಹುಡುಗಿ ಕೊಯ್ಯುವುದಕ್ಕಿಂತ ಮಾತು ಚೆನ್ನಾಗಿ ಆಡುತ್ತಾಳೆ. ಕುಂಡಗಳ ಜತೆ ಅವಳನ್ನೂ ಸಂತೆಗೆ ಕಳಿಸಿದರು.

ಸಂತೆಯಲ್ಲಿ ಚಲುವಾಯ್‌ಗೆ ಎರಡು ಹೆಸರಿದ್ದವು. ಒಂದು, ಗಿಡಗಳ ಹಜಾಮಗಿತ್ತಿ. ಕೊಂಡ ಗಿಡದ ಒಣಬೇರು, ಹಳದಿ ಎಲೆ, ಸತ್ತ ದಂಟು ಎಲ್ಲವನ್ನೂ ನಿಂತಲ್ಲೇ ಕತ್ತರಿಸಿ, ಮದುವೆಗೆ ಹೊರಟ ವರನ ಹಾಗೆ ಮಾಡಿ ಕೈಗಿಡುತ್ತಿದ್ದರು. ಮನೆಯ ಗಿಡ ಬಾಡಿದೆ ಎಂದು ಯಾರಾದರೂ ಎತ್ತಿ ತಂದರೆ ಅದಕ್ಕೂ ಬಿಟ್ಟಿ ಕ್ಷೌರ. ಇನ್ನೊಂದು ಹೆಸರು, ಕೊಸರಿನ ಅಕ್ಕ. ಇಲ್ಲಿ ಸಂತೆಯಲ್ಲಿ ಮಾವು ಕೊಂಡರೂ ಮೀನು ಕೊಂಡರೂ ಮೇಲೊಂದು ಕೊಸರು ಹಾಕದೆ ಕಳಿಸಿದರೆ ಮಾರುವವಳ ಮಾನ ಹೋದಂತೆ. ಚಲುವಾಯ್‌ರ ಕೊಸರು ಬೇರೆಯವರಂತಲ್ಲ. ಅಂಗಡಿಯಲ್ಲಿ ಸದಾ ಒಂದು ದೊಡ್ಡ ತಾಯಿಗಿಡ ಇರುತ್ತಿತ್ತು. ಅದರ ದಂಟಿನ ಮೇಲೆ ಹುಟ್ಟಿದ ಮರಿಯೊಂದನ್ನು ಕಚಕ್ಕನೆ ಕತ್ತರಿಸಿ, "ಇದು ನನ್ನ ಲೆಕ್ಕ, ಅಕ್ಕ. ದುಡ್ಡಿಂದಲ್ಲ, ಪ್ರೀತೀದು," ಎಂದು ಚೀಲಕ್ಕೆ ಹಾಕುತ್ತಿದ್ದರು. ಜನ ಅದಕ್ಕಾಗಿಯೇ ಬರುತ್ತಿದ್ದರು.

ಎಲ್ಲಕ್ಕೂ ಒಂದೇ ಕತ್ತರಿ.

ಹನ್ನೆರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನರ್ಸರಿಯ ಯಾಮ್ ಯೆನ್ ಹೂಗಳು ಒಂದು ತಿಂಗಳು ನಿಲ್ಲಬೇಕಾದಲ್ಲಿ ಎರಡು ವಾರಕ್ಕೇ ಉದುರತೊಡಗಿದವು. ಎಸಳಿನೊಳಗೆ ಕಂದು ಗೀರು, ಎಲೆಯ ಮೇಲೆ ಕಪ್ಪು ಮಚ್ಚೆ. ಸಮುದ್ರದ ಉಪ್ಪು ನದಿ ಹತ್ತಿ ಬಂದಿದೆ ಎಂದು ಎಲ್ಲರೂ ಅಂದುಕೊಂಡರು. ಬೇಸಿಗೆಯಲ್ಲಿ ಇಲ್ಲಿ ಹಾಗಾಗುವುದುಂಟು. ದೋಣಿಯಲ್ಲಿ ಸಿಹಿನೀರು ತರಿಸಿದರು. ಮಚ್ಚೆ ಬಿದ್ದ ಎಲೆಗಳನ್ನೆಲ್ಲ ತೆಗೆದರೆ ಗಿಡ ಚೇತರಿಸಿಕೊಳ್ಳುತ್ತದೆ ಎಂದು ಲೆಂಗ್ ಅಜ್ಜ ಹೇಳಿದರು. ಆ ಕೆಲಸ ಚಲುವಾಯ್ ಪಾಲಿಗೆ ಬಂತು. ಹದಿನೇಳು ದಿನ, ಬೆಳಗಿನಿಂದ ಸಂಜೆಯವರೆಗೆ, ಸಾಲಿನಿಂದ ಸಾಲಿಗೆ ಹೋಗಿ ಆರು ಸಾವಿರಕ್ಕೂ ಹೆಚ್ಚು ಗಿಡಗಳ ಎಲೆ ಸವರಿದರು. ಅಷ್ಟು ಶ್ರದ್ಧೆಯಿಂದ ಅವರು ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಮರುವರ್ಷ ಕೃಷಿ ಕಾಲೇಜಿನಲ್ಲಿ ಸಸ್ಯರೋಗ ಕಲಿಸುವ ವಿಲಾಸಿನಿ ಎಂಬ ಮೇಷ್ಟ್ರಮ್ಮ ಬಂದರು. ಸಂತೆಯಲ್ಲಿ ತಾವೇ ಕೊಂಡ ಗಿಡದ ಎಲೆ ಪರೀಕ್ಷಿಸಿ, ಅದು ಬಂದ ದಾರಿ ಹುಡುಕಿಕೊಂಡು ಬಂದಿದ್ದರು. ಬೇರೆ ಬೇರೆ ಸಾಲುಗಳಿಂದ ಹನ್ನೆರಡು ಎಲೆ ಕೇಳಿ, ಹನ್ನೆರಡು ಪಟ್ಟಿ ನಿಲ್ಲಿಸಿದರು. ಹನ್ನೆರಡರ ಮೇಲೂ ಎರಡು ಗೆರೆ.

"ಇದಕ್ಕೆ ಔಷಧಿ ಇಲ್ಲ ಅಂದ್ರು," ಚಲುವಾಯ್ ನೆನೆಯುತ್ತಾರೆ. "ಮನುಷ್ಯರಿಗೆ ಏನೂ ಮಾಡಲ್ವಂತೆ. ಗಾಳೀಲಿ ಹಾರಲ್ಲ, ನೀರಿನ ಉಪ್ಪಿಂದ ಬರಲ್ಲ. ಗಿಡದ ರಸ ಇನ್ನೊಂದು ಗಿಡದ ಗಾಯಕ್ಕೆ ತಾಗ್ಬೇಕು, ಅಷ್ಟೇ. ಆಮೇಲೆ ಮೆಲ್ಲಗೆ ಕೇಳಿದ್ರು, ಎಲೆ ಸವರಿದ್ದು ಯಾವುದ್ರಲ್ಲಿ ಅಂತ. ನನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದೆ ಕತ್ತರಿ. ತೋರ್ಸಿದೆ. ಅವ್ರು ನೋಡಿದ್ರು, ಪಟ್ಟಿಗಳನ್ನ ಒಂದೊಂದಾಗಿ ಎತ್ತಿಟ್ಕೊಂಡ್ರು. ಬೈದಿದ್ರೆ ಚೆನ್ನಾಗಿರ್ತಿತ್ತು."

ಆ ಕತ್ತರಿ ಈಗ ಅವರ ಅಡುಗೆಮನೆಯಲ್ಲಿದೆ. ಒಣಮೀನು ಕತ್ತರಿಸುವುದಕ್ಕೆ.

ಯಾಮ್ ಯೆನ್‌ನ ಕುಂಡಗಳನ್ನೆಲ್ಲ ಕಾಲುವೆಯ ಏರಿ ಮೇಲೆ ಒಟ್ಟಿ ಸುಟ್ಟರು. ನಾಲ್ಕು ದಿನ ಹೊಗೆಯಾಡಿತು. ಎಂಬತ್ತೊಂದರ ಲೆಂಗ್ ಅಜ್ಜ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತಿದ್ದರು. ಕೊನೆಯ ದಿನ ಚಲುವಾಯ್‌ರನ್ನು ಹತ್ತಿರ ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಾದ್ರೂ ಒಂದು ಉಳಿದಿರಬೋದೇನವ್ವಾ?"

"ಹುಡುಕ್ತೀನಿ ಅಜ್ಜ," ಎಂದರು ಚಲುವಾಯ್. ಅಲ್ಲಿಂದ ಈ ಹನ್ನೊಂದು ವರ್ಷ.

* * *

ತಳಿಯನ್ನು ಮರಳಿ ಪಡೆಯುವ ಸುಲಭದ ದಾರಿಯನ್ನೂ ನೋಡಿದ್ದರು. ಸುಡದೆ ಎತ್ತಿಟ್ಟ ರೋಗದ ಗಿಡವೊಂದರ ತುದಿಯಿಂದ ಸಾಸಿವೆಗಿಂತ ಚಿಕ್ಕ ಚೂರು ತೆಗೆದು ಕಾಲೇಜಿನ ಪ್ರಯೋಗಾಲಯದಲ್ಲಿ ಸೀಸೆಯೊಳಗೆ ಬೆಳೆಸಿದರು. ಕೆಲವೊಮ್ಮೆ ವೈರಸ್ ಅಷ್ಟು ತುದಿಗೆ ಏರಿರುವುದಿಲ್ಲ. ಎರಡು ಸಲ ಮಾಡಿದರು. ಎರಡು ಸಲವೂ ವರ್ಷ ತುಂಬುವುದರೊಳಗೆ ಎರಡನೇ ಗೆರೆ ಮರಳಿ ಬಂತು. ಬೀಜದಿಂದ ಬೆಳೆಸಿದರೆ ಬರುವುದು ಅದರ ಮಕ್ಕಳೇ ಹೊರತು ಅದಲ್ಲ. ಇನ್ನು ಉಳಿದದ್ದು ಒಂದೇ ದಾರಿ. ರೋಗ ತಗಲುವ ಮೊದಲು ಮಾರಿದ ಗಿಡ ಯಾರದಾದರೂ ಮನೆಯಲ್ಲಿ ಹಾಗೇ ಉಳಿದಿರಬೇಕು.

ಯಾರಿಗೆ ಮಾರಿದ್ದು ಎಂದು ಎಲ್ಲೂ ಬರೆದಿರಲಿಲ್ಲ. ಚಲುವಾಯ್‌ರ ತಲೆಯಲ್ಲಿತ್ತು. ಕೆಂಪು ಛತ್ರಿಯ ಟೈಲರ್, ಅವಳಿ ಮಕ್ಕಳ ನರ್ಸ್, ಸಂತೆಗೆ ಬಂದಾಗಲೆಲ್ಲ ಸೀನುತ್ತಿದ್ದ ಗುಮಾಸ್ತ. ಜನರ ಹೆಸರು ಅವರಿಗೆ ನೆನಪಿರುವುದಿಲ್ಲ. ಯಾರು ಯಾವ ಊರಿನ ಬಸ್ಸಿಗೆ ಅವಸರ ಮಾಡುತ್ತಿದ್ದರು ಎಂಬುದು ನೆನಪಿರುತ್ತದೆ. ಭಾನುವಾರದ ರಜೆಗಳಲ್ಲಿ ಬ್ಲೇಡು, ಪಟ್ಟಿಗಳ ಚೀಲ ಹಿಡಿದು ಆ ಊರುಗಳಿಗೆ ಹೊರಟರು. ಜತೆಗೆ ಬೇರೆ ತಳಿಯ ಆರೋಗ್ಯವಾದ ಗಿಡಗಳು. ಗಿಡಕ್ಕೆ ರೋಗವಿದ್ದರೆ ಅದನ್ನು ಪಡೆದು ಇದನ್ನು ಕೊಡುವುದು.

ಎಲ್ಲರೂ ಬಾಗಿಲು ತೆರೆಯಲಿಲ್ಲ. "ಆವತ್ತು ಕಾಯಿಲೆ ಮಾರಿದ್ಯಲ್ಲ, ಇವತ್ತು ಔಷಧಿ ಮಾರೋಕ್ ಬಂದ್ಯಾ?" ಎಂದು ಟೈಲರ್ ಗೇಟಿನಾಚೆಯಿಂದಲೇ ಕೇಳಿದಳು. ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಪಟ್ಟಿಯ ಎರಡು ಗೆರೆಯನ್ನು ಕನ್ನಡಕ ಏರಿಸಿ ನೋಡಿ, ಗಿಡ ಕೊಡುವುದಿಲ್ಲ ಎಂದರು.

"ನಮ್ಮನೆಯವರಿಗೂ ಸಕ್ಕರೆ ಕಾಯಿಲೆ ಇದೆ. ಅವರನ್ನೂ ಸುಡ್ಲಾ?"

"ಸಕ್ಕರೆ ಕಾಯಿಲೆ ಪಕ್ಕದ ಮನೆಗೆ ಅಂಟಲ್ಲ ಟೀಚರ್. ಇದು ಅಂಟುತ್ತೆ."

"ನಮ್ಮನೆಯವರು ಬೈಗುಳ ಅಂಟಿಸಿದಾರೆ, ಇಡೀ ಬೀದಿಗೆ."

ಕೊನೆಗೆ ಆ ಗಿಡ ಅಲ್ಲೇ ಉಳಿಯಿತು. ಅದರ ಕತ್ತರಿಯನ್ನು ಬೇರೆ ಇಡುತ್ತೇನೆಂದು ಟೀಚರ್ ಮಾತು ಕೊಟ್ಟರು. ಚಲುವಾಯ್ ಈಗಲೂ ವರ್ಷಕ್ಕೊಮ್ಮೆ ಹೋಗಿ ಮಾತು ಉಳಿದಿದೆಯೇ ನೋಡಿಬರುತ್ತಾರೆ.

ಐದು ವರ್ಷದಲ್ಲಿ ಹೀಗೆ ಪರೀಕ್ಷಿಸಿದ್ದು ಮುನ್ನೂರ ಹನ್ನೊಂದು ಗಿಡ. ಎಲ್ಲದರ ಮೇಲೂ ಎರಡು ಗೆರೆ. ಯಾವ ಗಿಡವನ್ನೂ ಅವರು ಕತ್ತರಿ ತಾಗಿಸದೆ ಕಳಿಸಿರಲಿಲ್ಲವಲ್ಲ. ಎಲ್ಲ ಗಿಡಕ್ಕೂ ಒಂದು ಕ್ಷೌರ, ಎಲ್ಲ ಚೀಲಕ್ಕೂ ಒಂದು ಮರಿ. ಕೆಲವು ಭಾನುವಾರ ವಾಪಸು ಬರುವ ಬಸ್ಸಿನಲ್ಲಿ ಪಕ್ಕದವರು ಎಲ್ಲಿಂದ ಬಂದಿರಿ ಎಂದು ಕೇಳಿದರೆ ನಿದ್ದೆಯ ನಟನೆ ಮಾಡುತ್ತಿದ್ದರಂತೆ.

"ಬೈದವ್ರ ಮನೆ ಪರವಾಗಿಲ್ಲ," ಎನ್ನುತ್ತಾರೆ. "ಕೂರ್ಸಿ ಅನ್ನ ಹಾಕಿ, 'ಪರವಾಗಿಲ್ಲ ಬಿಡಕ್ಕ, ನಿಂಗೆ ಗೊತ್ತಿರ್ಲಿಲ್ವಲ್ಲ' ಅಂತಾರಲ್ಲ, ಅಲ್ಲಿ ತುತ್ತು ಇಳೀತಿರ್ಲಿಲ್ಲ."

* * *

ಏಳು ವರ್ಷದ ಹಿಂದೆ ಲೆಂಗ್ ಅಜ್ಜ ತೀರಿಕೊಂಡರು. ಕೊನೆಯ ವಾರಗಳಲ್ಲಿ ಅವರು ಯಾಮ್ ಯೆನ್ ಬಗ್ಗೆ ಕೇಳುವುದನ್ನು ಬಿಟ್ಟಿದ್ದರು. ಚಲುವಾಯ್‌ಗೆ ನೋವಾಗಬಾರದೆಂದು ಬಿಟ್ಟಿದ್ದರೋ, ಮರೆತೇ ಬಿಟ್ಟಿದ್ದರೋ, ಯಾರಿಗೂ ತಿಳಿಯದು.

ಈ ಕಥೆಯಲ್ಲಿ ಚಲುವಾಯ್ ಸಲೀಸಾಗಿ ಹೇಳದ ಭಾಗ ಒಂದಿದೆ. ಅವರ ನೆನಪಿನಲ್ಲಿದ್ದ ಗಿರಾಕಿಗಳ ಪೈಕಿ ಮೊದಲಿನಿಂದಲೂ ಇನ್ನೊಬ್ಬ ಇದ್ದ. ಅವನ ಮನೆಗೆ ಅವರು ಹೋಗಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ, ಒಂದು ಬುಧವಾರ, ರೈಲ್ವೆ ಅಂಗಿ ತೊಟ್ಟವನೊಬ್ಬ ಒಂದು ಯಾಮ್ ಯೆನ್ ಕೊಂಡ. ವಾಡಿಕೆಯಂತೆ ಚಲುವಾಯ್ ಕತ್ತರಿ ಚಾಚಿದರು. ಅವನು ಕುಂಡವನ್ನು ಎದೆಗೆ ಎಳೆದುಕೊಂಡ. "ಒಂದಕ್ಕೆ ದುಡ್ಡು ಕೊಟ್ಟಿದೀನಿ, ಒಂದು ಕೊಡು. ನಿನ್ನ ಕತ್ತರಿ ಅತ್ಲಾಗಿಡು. ಕೊಸರು ಬೇಡ, ಕ್ಷೌರ ಬೇಡ, ಮಾತೂ ಬೇಡ." ಇಡೀ ಸಾಲು ಕೇಳುವಂತೆ ಹೇಳಿ, ಫೋಥಾರಾಮ್ ಗಾಡಿಗೆ ಹೊತ್ತಾಯಿತೆಂದು ಹೊರಟುಹೋದ. ಕೊಟ್ಟ ಕೊಸರನ್ನು ಮುಖಕ್ಕೆ ಎಸೆದಂತೆ ಆಗಿತ್ತು ಚಲುವಾಯ್‌ಗೆ. ಆಮೇಲೆ ವರ್ಷಾನುಗಟ್ಟಲೆ ಅವನ ನಡಿಗೆ, ಅವನ ಗಂಟುಮುಖ ಅಣಕಿಸಿ ಸಂತೆಯನ್ನು ನಗಿಸಿದ್ದರು.

"ಅವನೊಬ್ಬ ಕತ್ತರಿ ಮುಟ್ಟಿಸಿಕೊಂಡಿರ್ಲಿಲ್ಲ. ನಂಗೆ ಗೊತ್ತಿತ್ತು," ಎನ್ನುತ್ತಾರೆ. "ಬುದ್ಧಿ ಇರೋರಾಗಿದ್ರೆ ಮೊದಲ ಭಾನುವಾರವೇ ಅಲ್ಲಿಗೆ ಹೋಗ್ತಿದ್ರು. ನಾನು ಐದು ವರ್ಷ ಮನೆಮನೆ ಸುತ್ತಿದೆ, ಅವನೊಬ್ಬನ ಮುಂದೆ ಕೈ ಚಾಚಬಾರ್ದು ಅಂತ. ಅಜ್ಜ ಹೋಗಿ ಒಂದು ವರ್ಷ ಆದ್ಮೇಲೆ ಹೋದೆ."

ಫೋಥಾರಾಮ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ಅವರ ಹೆಸರು ಪ್ರಚುಮ್, ನಿವೃತ್ತ ಸಿಗ್ನಲ್‌ಮನ್. ಅಂಗಳದ ಜಂಬುನೇರಳೆ ಮರಕ್ಕೆ ಕಟ್ಟಿದ ಗಿಡವೊಂದು ಸಿಕ್ಕಾಪಟ್ಟೆ ಬೆಳೆದು ಸಿಂಬಿಯಾಗಿತ್ತು. ಒಣದಂಟು, ಹಸಿದಂಟು, ಬೇರು ಎಲ್ಲ ಒಂದರೊಳಗೊಂದು. ಒಂದು ಎಲೆಯನ್ನೂ ಯಾರೂ ತೆಗೆದಂತಿರಲಿಲ್ಲ.

"ನೀನು ಕತ್ತರಿಯವಳಲ್ವಾ?" ಎಂದರು ಪ್ರಚುಮ್. "ಆವತ್ತು ಬಿಟ್ಟಿದ್ದನ್ನ ಮುಗಿಸೋಕ್ ಬಂದ್ಯಾ?"

ಚಲುವಾಯ್ ಎಲ್ಲವನ್ನೂ ಹೇಳಿದರು. ಮುದುಕ ಪೂರ್ತಿ ಕೇಳಿ, "ಒಂದು ಎಲೆ. ಎರಡಲ್ಲ," ಎಂದರು. ಬ್ಲೇಡಿನ ಕಾಗದ ತಮ್ಮ ಕಣ್ಣೆದುರೇ ಬಿಚ್ಚಬೇಕೆಂದರು. ಪಟ್ಟಿ ನಿಲ್ಲಿಸಿ ಇಬ್ಬರೂ ಕಟ್ಟೆಯ ಮೇಲೆ ಕೂತರು. ಒಂದು ಗೂಡ್ಸ್ ಗಾಡಿ ಹಾದುಹೋಯಿತು. ಪ್ರಚುಮ್ ಅದರ ಡಬ್ಬಿ ಎಣಿಸಿದರು, ಚಲುವಾಯ್ ಹಟ ಹಿಡಿದು ನೆಲ ನೋಡಿದರು. ಗಾಡಿ ಹೋಗಿ ಬಹಳ ಹೊತ್ತಾದ ಮೇಲೆ, "ನೋಡ್ಬಾರ್ದಾ ಇನ್ನೂ?" ಎಂದರು ಮುದುಕ.

ಒಂದೇ ಗೆರೆ ಇತ್ತು.

ಒಂದು ಎಲೆಯ ಮಾತನ್ನು ನಂಬಬಾರದು, ಹೊಸ ಎಲೆಯಲ್ಲಿ ರೋಗ ಅಡಗಿರಬಹುದು. ಮೂರು ತಿಂಗಳಿಗೊಮ್ಮೆ ಮತ್ತೆ ಎರಡು ಸಲ ಹೋದರು. ಹೋದಾಗಲೆಲ್ಲ ಒಂದೇ ಎಲೆ, ಒಂದೇ ಗೆರೆ. ಮೂರನೇ ಸಲ ಒಂದು ಮರಿ ಕೇಳಿದರು. "ಕತ್ತರಿಸೋಕೆ ಬಿಡಲ್ಲ. ಬಿದ್ದಾಗ ಬೀಳುತ್ತೆ," ಎಂದರು ಪ್ರಚುಮ್. ಇಷ್ಟು ವರ್ಷ ಯಾಕೆ ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ ಎಂದು ಕೇಳಿದ್ದಕ್ಕೆ ಅವರ ಉತ್ತರ ಇದು: "ಮೂವತ್ತಾರು ವರ್ಷ ಸಿಗ್ನಲ್ ಮನೇಲಿ ಕಲ್ತಿದ್ದು ಒಂದೇ. ಎಳಿ ಅಂತ ಹೇಳದ ಲಿವರ್‌ನ ಎಳೀಬಾರ್ದು. ಗಿಡ ಹೇಳ್ಲಿಲ್ಲ, ನಾನು ಎಳೀಲಿಲ್ಲ."

ಎಂಟು ತಿಂಗಳಾದ ಮೇಲೆ, ಮಳೆಗಾಲದ ಕೊನೆಯಲ್ಲಿ, ನರ್ಸರಿಗೆ ಫೋನು ಬಂತು. ಲೆಂಗ್ ಅಜ್ಜನ ಮಗ, ಈಗಿನ ಯಜಮಾನ ವಿಸುತ್ ಎತ್ತಿಕೊಂಡರು. "ನಿಮ್ಮ ಕತ್ತರಿಯಮ್ಮನಿಗೆ ಹೇಳಿ, ಒಂದು ಬಿದ್ದಿದೆ," ಎಂದಷ್ಟೇ ಹೇಳಿ ಆ ಕಡೆಯವರು ಇಟ್ಟುಬಿಟ್ಟರು. ವಿಸುತ್‌ಗೆ ತಲೆಬುಡ ತಿಳಿಯಲಿಲ್ಲ. ಚಲುವಾಯ್ ತಿನ್ನುತ್ತಿದ್ದ ಗಂಜಿಯ ಬಟ್ಟಲು ಬಿಟ್ಟು, ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಬಸ್ಸಿಗೆ ಓಡಿದರು.

ಆ ಒಂದು ಮರಿಯಿಂದ ವಿಲಾಸಿನಿಯವರ ಪ್ರಯೋಗಾಲಯ ಅರವತ್ತು ಸಸಿ ಮಾಡಿಕೊಟ್ಟಿತು. ಮೂರು ವರ್ಷ ಸಾಕಿದ್ದು ಚಲುವಾಯ್. ಉಳಿದ ಗಿಡಗಳಿಂದ ದೂರ, ಬೇರೆ ಬಲೆಯ ಕೆಳಗೆ, ಬೇರೆ ನೀರಿನಲ್ಲಿ. ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಪರೀಕ್ಷೆ. ಕಳೆದ ವರ್ಷ ಒಂದರ ಮೇಲೆ ಹೊಗೆಯಂಥ ಎರಡನೇ ಗೆರೆ ಕಂಡಿತು. ವಿಸುತ್ ಅದು ಕಲೆ ಎಂದರು, ಬೆಳಕಿನ ದೋಷ ಎಂದರು. ಮತ್ತೊಮ್ಮೆ ಪರೀಕ್ಷಿಸಿದಾಗಲೂ ಗೆರೆ ಬಂತು. ಚಲುವಾಯ್ ಅದನ್ನೂ, ಅದರ ಪಕ್ಕದ ಹದಿಮೂರನ್ನೂ ಸುಟ್ಟರು. "ನನ್ನ ನರ್ಸರೀಲಿ ನನ್ನ ಮಾತು ನಡೆಯೋದು ಎಲ್ಲಿ, ಹೇಳಿ," ಎಂದು ವಿಸುತ್ ಗೊಣಗುತ್ತಾರೆ. "ಆದ್ರೆ ಒಂದು ಮಾತು. ಚಲುವಾಯ್ ದೊಡ್ಡಮ್ಮ ಪಾಸು ಮಾಡಿದ ಗಿಡ ಅಂದ್ರೆ, ಅದನ್ನ ಕಣ್ಣು ಮುಚ್ಚಿ ಮನೆಗೆ ಒಯ್ಬೋದು."

* * *

ಏಳೂವರೆಯ ಹೊತ್ತಿಗೆ ಬಿಸಿಲು ಬಲೆಯನ್ನು ತೂರಿ ಹಲಗೆಗಳ ಮೇಲೆ ಬಿದ್ದಿದೆ. ಮಂದಹಾಲಿನ ಡಬ್ಬಿ ಮುಕ್ಕಾಲು ತುಂಬಿದೆ. ಮೊದಲನೆಯದಾದ ಮೇಲೆ ಏಳೆಂಟು ಪಟ್ಟಿಗಳನ್ನು ಒಟ್ಟೊಟ್ಟಿಗೆ ನಿಲ್ಲಿಸುತ್ತಾ ಬಂದು, ಈಗ ಮೂವತ್ತೆಂಟು ಗಿಡ ಪಾಸು. ಕಡೆಯ ಎಂಟು ಪಟ್ಟಿಗಳನ್ನು ಒಟ್ಟಿಗೆ ನಿಲ್ಲಿಸಿ ಚಲುವಾಯ್ ಬೆನ್ನು ತಿರುಗಿಸಿದ್ದಾರೆ. ವಿಸುತ್ ಬಂದು ಕಾಲುದಾರಿಯ ಕೊನೆಯಲ್ಲಿ ನಿಂತಿದ್ದಾರೆ, ಕೈಯಲ್ಲಿ ಕುಡಿಯದೆ ಹಿಡಿದ ಕಾಫಿ.

"ದೊಡ್ಡಮ್ಮಾ, ಆಯ್ತಾ?"

ಕೈಯೆತ್ತಿ ತಡೆಯುತ್ತಾರೆ.

ಕಾಲುವೆಯಲ್ಲಿ ಪಾಚಿ ತೆಗೆಯುವ ದೋಣಿಯೊಂದು ಬಂದು, ಇವರನ್ನು ನೋಡಿ ಮೋಟಾರು ಆರಿಸಿ, ಹುಟ್ಟು ಹಾಕಿಕೊಂಡು ಸದ್ದಿಲ್ಲದೆ ದಾಟುತ್ತದೆ. ಈ ಕಾಲುವೆಯವರಿಗೆಲ್ಲ ಈ ಹತ್ತು ನಿಮಿಷ ಗೊತ್ತು.

ಚಲುವಾಯ್ ತಿರುಗುತ್ತಾರೆ. ಒಂದೊಂದೇ ಪಟ್ಟಿಯನ್ನು ತೆಗೆದು, ಬಿಸಿಲಿಗೆ ಹಿಡಿದು, ಓರೆಮಾಡಿ ನೋಡಿ, ಮೊಣಕಾಲ ಮೇಲಿಡುತ್ತಾರೆ. ಎಂಟನೆಯದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಾರೆ.

"ತಮ್ಮಾ," ಎನ್ನುತ್ತಾರೆ ಕೊನೆಗೆ, "ಆ ಕಾಫಿ ಆರಿಹೋಯ್ತು. ಇಲ್ಲಿ ಕೊಡು, ನಾನೇ ಕುಡೀತೀನಿ."

ನಲವತ್ತಾರು ಗಿಡ, ನಲವತ್ತಾರೇ ಗೆರೆ.

* * *

ಬುಧವಾರ ಬೆಳಿಗ್ಗೆ ಸಂತೆಯಲ್ಲಿ ಕುಂಡಗಳನ್ನು ಇಳಿಸಿದ್ದಾರೆ. ನಲವತ್ತೈದರಲ್ಲಿ ಮೊಗ್ಗು ಮಾತ್ರ. ಒಂದು ಮುಂಚೆಯೇ ಅರಳಿದೆ, ಇವತ್ತಿಗೆ ನಲವತ್ತೊಂದು ದಿನ. ಒಂದು ಎಸಳೂ ಉದುರಿಲ್ಲ. ಗಾಢ ನೇರಳೆ, ಒಳಗೆ ಹೋದಂತೆ ಕಪ್ಪಿಗೆ ತಿರುಗುವ ನೇರಳೆ, ತುಟಿಯಂತೆ ಚಾಚಿದ ಎಸಳಿನ ಅಂಚಿಗೆ ಮಾತ್ರ ಎಳೆ ಹಸಿರು. ಈ ಬಣ್ಣ ಮೊದಲ ಸಲ ಬಿರಿದ ದಿನ ಚಲುವಾಯ್ ತಾವೇ ಗಾಬರಿಯಾಗಿದ್ದರು, ಬೇರೆ ಯಾವುದೋ ಗಿಡ ಸೇರಿಕೊಂಡಿದೆ ಎಂದು. ಆಮೇಲೆ ನೆನಪು ಮೆಲ್ಲಗೆ ಬಂತು. ಲೆಂಗ್ ಅಜ್ಜ ಮೊದಲ ಹೂವನ್ನು ಅಂಗೈಯಲ್ಲಿಟ್ಟು ತೋರಿಸಿದಾಗ ಅದು ಹೀಗೇ ಇತ್ತು. ಆಮೇಲಿನ ವರ್ಷಗಳಲ್ಲಿ, ರೋಗ ಒಳಗೊಳಗೇ ಹರಡಿದಂತೆ, ಅದು ಒಂದೊಂದು ಕೂದಲೆಳೆಯಷ್ಟೇ ಮಾಸುತ್ತಾ ಬಂದಿರಬೇಕು. ಮಾಸಿದ್ದನ್ನೇ ಯಾಮ್ ಯೆನ್ ಎಂದು ಕರೆದು, ಮಾಸಿದ್ದನ್ನೇ ಹೊಗಳಿ, ಅವರೆಲ್ಲ ಎಷ್ಟೋ ವರ್ಷ ಮಾರಿದ್ದರು.

"ಅಜ್ಜನ ಮುಂದೆ ಒಂದ್ಸಲ ಇದನ್ನ ಇಡ್ಬೇಕಿತ್ತು," ಎನ್ನುತ್ತಾರೆ, ಕುಂಡವನ್ನು ಅರ್ಧ ಸುತ್ತು ತಿರುಗಿಸುತ್ತಾ. ಇನ್ನೇನನ್ನಾದರೂ ಬಯಸುತ್ತೀರಾ ಎಂದರೆ ಯೋಚಿಸಿ ಹೇಳುತ್ತಾರೆ: "ಇದನ್ನ ಕೊಂಡವರು ಯಾರೂ ನನ್ನ ನೆನಪಿಟ್ಕೊಳ್ದೇ ಇರ್ಲಿ. ಮನೆಗೆ ಯಾರಾದ್ರೂ ಹುಡುಕ್ಕೊಂಡು ಬರೋ ಹಂಗೆ ಆಗ್ದೇ ಇರ್ಲಿ. ಅಷ್ಟು ಸಾಕು."

ಪಕ್ಕದ ಅಂಗಡಿಯ ಕಿಮ್‌ಹುವಾಯ್ ಚಕ್ಕೋತ ಸುಲಿಯುವುದನ್ನು ಬಿಟ್ಟು ಎದ್ದುಬರುತ್ತಾರೆ. ಇಪ್ಪತ್ತು ವರ್ಷದಿಂದ ಇಲ್ಲೇ ಚಕ್ಕೋತ ಮಾರುವವರು, ಸಂತೆಯ ನಾಲಗೆ. ಹೂವಿಗೆ ಒಂದು ಸುತ್ತು ಬಂದು, ಬಗ್ಗಿ, ಮೂಗು ಸೊಟ್ಟ ಮಾಡುತ್ತಾರೆ.

"ಯಾರ ಕಿವಿಗೆ ಹೂವಿಡ್ತೀಯೇ ಚಲುವಾಯ್? ಇದು ಯಾಮ್ ಯೆನ್ ಅಲ್ಲ. ನಿನ್ನ ಪಕ್ಕದಲ್ಲಿ ಕೂತು ನೂರಾರು ನೋಡಿಲ್ವಾ ನಾನು? ಅದಕ್ಕೆ ಇಂಥ ಬಣ್ಣ ಎಲ್ಲಿತ್ತು! ನಲವತ್ತೊಂದು ದಿನ ಅಂತೆ, ನಿಂತಿದೆ ಅಂತೆ. ಪ್ಲಾಸ್ಟಿಕ್ ತಂದಿಟ್ಟಿದೀಯ, ಸತ್ಯ ಹೇಳು."

ಸಾಲಿನವರೆಲ್ಲ ನಗುತ್ತಾರೆ. ಹಿಂದೆ ಇಂಥ ಮಾತಿಗೆ ಹತ್ತು ಮಾತು ಎಸೆಯುತ್ತಿದ್ದ ಚಲುವಾಯ್ ಈಗ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಚಾಚುತ್ತಾರೆ. ಕಿಮ್‌ಹುವಾಯ್‌ರ ರಸ ಮೆತ್ತಿದ ಬೆರಳು ಎಸಳಿನ ಹತ್ತಿರ ಬರುತ್ತಿದ್ದಂತೆ ಕುಂಡ ಎರಡಂಗುಲ ಹಿಂದೆ ಸರಿಯುತ್ತದೆ.

"ಮುಟ್ಟಿ ನೋಡು," ಎನ್ನುತ್ತಾರೆ. "ಮೊದಲು ಕೈ ತೊಳ್ಕೊಂಡು ಬಾ."